ಬೆಂಕಿಪುರದ ಕಬ್ಬಿಣ, ಬೀರೂರಿನ ರೈಲು: ಭದ್ರಾವತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿ ನೋಡಲು ಬರುವವರು, ಪ್ರಾಜೆಕ್ಟಿಗೆ ಮಾಹಿತಿ ಹುಡುಕುವ ಕಾಲೇಜು ಮಕ್ಕಳು, ತೋಟದ ಬೇಲಿಯಲ್ಲಿ ಹಳೆಯ ರೈಲು ಹಳಿ ಸಿಕ್ಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಒಂದು ಮಾತು ಮೊದಲೇ ಗಮನದಲ್ಲಿರಲಿ: ಕಬ್ಬಿಣ ಮಾಡುವ ಕೆಲಸದಲ್ಲಿ ಕರಗಿಸುವುದಕ್ಕಿಂತ ಹೊರುವುದೇ ಹೆಚ್ಚು. ಹೊರೆಯ ಲೆಕ್ಕ ತಿಳಿದರೆ ಈ ಊರಿನ ಅರ್ಧ ಚರಿತ್ರೆ ತಿಳಿದಂತೆ.

ಭದ್ರಾವತಿಗೆ ಮೊದಲಿದ್ದ ಬೆಂಕಿಪುರ ಎಂಬ ಹೆಸರು ಕಾರ್ಖಾನೆಯ ಕುಲುಮೆಯಿಂದ ಬಂತೇ?

ಇಲ್ಲ. ಹೆಸರು ಕಾರ್ಖಾನೆಗಿಂತ ಹಳೆಯದು. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, ಸುಮಾರು 13ನೇ ಶತಮಾನದ್ದು. ಅಲ್ಲಿನ ಸ್ಥಳಪುರಾಣ ವಂಕಿ ಮಹರ್ಷಿಯ ಹೆಸರು ಹೇಳಿ ಊರನ್ನು ವಂಕಿಪುರ ಎನ್ನುತ್ತದೆ. ಜನರ ಬಾಯಲ್ಲಿ ಅದು ಬೆಂಕಿಪುರವಾಗಿ ನಿಂತಿತು. ಭದ್ರಾ ನದಿಯ ಹೆಸರನ್ನು ಊರಿಗೆ ಇಟ್ಟದ್ದು ಆಮೇಲೆ. ಬೆಂಕಿಯ ಹೆಸರಿನ ಊರಿಗೇ ಕಬ್ಬಿಣದ ಕಾರ್ಖಾನೆ ಬಂದದ್ದು ಕಾಕತಾಳೀಯ.

ರೈಲು ಮೊದಲು ಬಂತೋ, ಕಾರ್ಖಾನೆ ಮೊದಲು ಬಂತೋ?

ರೈಲು, ಅದೂ ಎರಡು ದಶಕಕ್ಕೂ ಹೆಚ್ಚು ಮೊದಲು. ಬೆಂಗಳೂರಿನಿಂದ ಅರಸೀಕೆರೆ, ಬೀರೂರು, ಹರಿಹರ, ಹುಬ್ಬಳ್ಳಿ ಕಡೆ ಹೋಗುವ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ದಾರಿ 1889ರ ಹೊತ್ತಿಗೆ ಪೂರ್ತಿಯಾಗಿತ್ತು. ಬೀರೂರಿನಲ್ಲಿ ಕವಲೊಡೆದ ಸುಮಾರು 60 ಕಿ.ಮೀ. ದಾರಿ ತರೀಕೆರೆ, ಬೆಂಕಿಪುರಗಳನ್ನು ಹಾದು 1899ರ ಡಿಸೆಂಬರಿನಲ್ಲಿ ಶಿವಮೊಗ್ಗ ಮುಟ್ಟಿತು. ಅಡಿಕೆ, ಭತ್ತ, ಮರಮಟ್ಟು ಸಾಗಿಸಲು ಬಂದ ಈ ಕವಲು ದಾರಿ ಇಲ್ಲದಿದ್ದರೆ ಕಾರ್ಖಾನೆಗೆ ಬೇರೆ ಜಾಗ ನೋಡಬೇಕಾಗುತ್ತಿತ್ತು.

ಅದಿರು ಇರುವುದು ಕೆಮ್ಮಣ್ಣುಗುಂಡಿಯಲ್ಲಿ. ಕಾರ್ಖಾನೆಯನ್ನು ಅಲ್ಲೇ ಏಕೆ ಕಟ್ಟಲಿಲ್ಲ?

ಇದು ಅತ್ಯಂತ ಒಳ್ಳೆಯ ಪ್ರಶ್ನೆ. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಉತ್ತರ ತಾನಾಗಿ ಸಿಗುತ್ತದೆ.

ಇದ್ದಿಲಿನ ಊದುಕುಲುಮೆಯಲ್ಲಿ (ತಳದಿಂದ ಗಾಳಿ ಊದಿ ಅದಿರು ಕರಗಿಸುವ ಎತ್ತರದ ಕುಲುಮೆಯಲ್ಲಿ) ಒಂದು ಟನ್ ಬೀಡು, ಎಂದರೆ ಎರಕದ ಕಬ್ಬಿಣ ಬರಬೇಕಾದರೆ ಸುಮಾರು ಎರಡು ಟನ್ ಅದಿರು ಬೇಕು. ಹೆಮಟೈಟ್ ಎಂಬ ಕೆಂಪು ಅದಿರು ಶುದ್ಧವಾಗಿದ್ದರೂ ಅದರಲ್ಲಿ ಕಬ್ಬಿಣದ ಪಾಲು ನೂರಕ್ಕೆ 70. ಗಣಿಯಿಂದ ಬರುವ ಅದಿರಿನಲ್ಲಿ ಅದಕ್ಕಿಂತ ಕಡಿಮೆ. ಇದ್ದಿಲು ಒಂದು ಟನ್ನಿನ ಆಸುಪಾಸು ಬೇಕು. ಸುಣ್ಣಕಲ್ಲು ಕೆಲವು ನೂರು ಕೆ.ಜಿ. ಸಾಕು. ಆದರೆ ಆ ಒಂದು ಟನ್ ಇದ್ದಿಲಿಗೆ ಒಣಗಿದ ಸೌದೆಯೇ ನಾಲ್ಕು ಟನ್ನಿನಷ್ಟು ಹಿಡಿಯುತ್ತದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದರಿಂದ, ಕಡಿದ ಕೂಡಲೇ ಸಾಗಿಸಿದರೆ ಹೊರೆ ಇನ್ನೂ ಏರುತ್ತದೆ. ಎಂದರೆ ಅತಿ ಭಾರದ ಸರಕು ಅದಿರಲ್ಲ, ಸೌದೆ. ಕಾರ್ಖಾನೆ ಕಾಡಿಗೆ ಹತ್ತಿರ ಇರಬೇಕು, ನೀರಿನ ಪಕ್ಕದಲ್ಲಿರಬೇಕು, ತಯಾರಾದ ಕಬ್ಬಿಣವನ್ನು ಹೊರಗೆ ಕಳಿಸಲು ರೈಲೂ ಬೇಕು.

ಭದ್ರಾವತಿಯಲ್ಲಿ ಈ ಮೂರೂ ಇದ್ದವು. ಸುತ್ತ ಮಲೆನಾಡಿನ ಕಾಡು, ಬೇಸಿಗೆಯಲ್ಲೂ ಬತ್ತದ ಭದ್ರೆ, ಆಗಲೇ ಓಡುತ್ತಿದ್ದ ರೈಲು. ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ, ಸುಣ್ಣಕಲ್ಲು ಪೂರ್ವಕ್ಕಿರುವ ಭಂಡಿಗುಡ್ಡದಿಂದ ಬಂತು. 1,400 ಮೀಟರಿಗೂ ಎತ್ತರದ ಬೆಟ್ಟದ ನೆತ್ತಿಗೆ ಸೌದೆ, ನೀರು, ಯಂತ್ರ, ಕೆಲಸಗಾರರ ಅಕ್ಕಿಬೇಳೆ ಎಲ್ಲವನ್ನೂ ಏರಿಸುವುದಕ್ಕಿಂತ ಅದಿರನ್ನು ಕೆಳಗಿಳಿಸುವುದು ಎಷ್ಟೋ ಸುಲಭ. ಇಳಿಜಾರೇ ಆ ಕೆಲಸ ಮಾಡಿಕೊಡುತ್ತದೆ.

ಅದಿರು ಬೆಟ್ಟದಿಂದ ಹೇಗೆ ಇಳಿಯುತ್ತಿತ್ತು?

ಕೆಮ್ಮಣ್ಣುಗುಂಡಿಯಿಂದ ಬುಡದ ತಣಿಗೆಬೈಲಿಗೆ ತಂತಿದಾರಿ, ಎಂದರೆ ರೋಪ್‌ವೇ ಇತ್ತು. ಇಂಥ ಇಳಿಜಾರಿನ ರೋಪ್‌ವೇಯಲ್ಲಿ ತುಂಬಿದ ಬಕೆಟ್‌ಗಳ ಭಾರವೇ ಖಾಲಿ ಬಕೆಟ್‌ಗಳನ್ನು ಮೇಲಕ್ಕೆ ಎಳೆಯುತ್ತದೆ. ಆದ್ದರಿಂದ ಇಲ್ಲಿ ಎಂಜಿನ್ನಿಗಿಂತ ಬ್ರೇಕಿನದೇ ದೊಡ್ಡ ಕೆಲಸ. ಬ್ರೇಕು ಜಾರಿದರೆ ಇಡೀ ಹಗ್ಗ ಓಟ ಕೀಳುತ್ತದೆ. ಮಳೆಗಾಲದಲ್ಲಿ ಮಣ್ಣಂಥ ಅದಿರು ನೆನೆದು ಬಕೆಟಿನ ತಳಕ್ಕೆ ಅಂಟಿಕೊಂಡರೆ ಮೇಲೆ ಹೋಗುವ ಬಕೆಟೂ ಭಾರವಾಗಿ ತೂಕದ ಹೊಂದಾಣಿಕೆ ಕೆಡುತ್ತದೆ.

ಬುಡದಿಂದ ಮುಂದಕ್ಕೆ ಟ್ರಾಮ್ ದಾರಿ. ಅದರ ಗೇಜು 2 ಅಡಿ, ಎಂದರೆ 610 ಮಿ.ಮೀ. ಸೌದೆ ತರಲು ಕಾಡಿನೊಳಕ್ಕೂ ಇಂಥದೇ ಸಣ್ಣ ಹಳಿಗಳು ಹೋಗಿದ್ದವು. ತರೀಕೆರೆ–ನರಸಿಂಹರಾಜಪುರ ನಡುವೆ ಓಡಿದ ಸಣ್ಣ ರೈಲೂ ಇದೇ ಗೇಜಿನದು. ಸಣ್ಣ ಗೇಜಿಗೆ ತಿರುವು ಚಿಕ್ಕದಿದ್ದರೂ ನಡೆಯುತ್ತದೆ. ಗುಡ್ಡ ಕಡಿಯದೆ, ಅದರ ಸೊಂಟವನ್ನೇ ಬಳಸಿಕೊಂಡು ದಾರಿ ಮಾಡಬಹುದು. ಒಂದು ಕೂಪಿನ (ಮರ ಕಡಿಯಲು ಗುರುತಿಸಿದ ಕಾಡಿನ ತುಂಡಿನ) ಮರ ಮುಗಿದರೆ ಹಳಿ ಕಿತ್ತು ಮುಂದಿನ ಕೂಪಿಗೆ ಹಾಸಬಹುದು. ಕಾಡಿನ ಟ್ರಾಮ್ ದಾರಿಗಳ ಗುರುತು ಇವತ್ತು ಕಡಿಮೆ ಸಿಗಲು ಈ ಕೀಳುವ ಅಭ್ಯಾಸವೂ ಒಂದು ಕಾರಣ.

ಕಾರ್ಖಾನೆ ಯಾವಾಗ ಶುರುವಾಯಿತು? ಹೆಸರುಗಳು ಇಷ್ಟೊಂದು ಏಕೆ?

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ (1912–1918) ಯೋಜನೆ ರೂಪಗೊಂಡಿತು. ತಜ್ಞ ಸಲಹೆ ಕೊಟ್ಟವರು ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್. 1923ರ ಜನವರಿ 18ರಂದು ಊದುಕುಲುಮೆಗೆ ಬೆಂಕಿ ಬಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟದಲ್ಲಿದ್ದ ಕಾರ್ಖಾನೆಯ ಮಂಡಳಿಗೆ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಅಧ್ಯಕ್ಷರಾಗಿ ಖರ್ಚು ಕತ್ತರಿಸಿ ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಯೋಜನೆ ಮಾಡಿದವರೇ ಬಂದು ಅದರ ನಷ್ಟಕ್ಕೆ ಹೆಗಲು ಕೊಟ್ಟದ್ದು ಈ ಊರು ಮರೆಯಬಾರದ ಸಂಗತಿ.

ಹೆಸರಿನ ಸಾಲು ಹೀಗಿದೆ: ಮೊದಲು ಮೈಸೂರು ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಉಕ್ಕಿನ ವಿಭಾಗ ಸೇರಿದ ಮೇಲೆ ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್‌ನ ಅಂಗಸಂಸ್ಥೆ, 1998ರಲ್ಲಿ ಅದರಲ್ಲೇ ವಿಲೀನ. ಊರವರು ಇವತ್ತಿಗೂ ವಿಐಎಸ್‌ಎಲ್ (ವಿಶ್ವೇಶ್ವರಯ್ಯ ಐರನ್ ಅಂಡ್ ಸ್ಟೀಲ್ ಲಿಮಿಟೆಡ್) ಎನ್ನುತ್ತಾರೆ. ಹಳೆಯ ಕಾಗದಪತ್ರ ಹುಡುಕುವಾಗ ಆಯಾ ಕಾಲದ ಹೆಸರಿನಲ್ಲೇ ಹುಡುಕಿ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ಚಾಲೂ ಆಯಿತು.

ಕಲ್ಲಿದ್ದಲು ಬಿಟ್ಟು ಮರದ ಇದ್ದಿಲು ಏಕೆ?

ಕೋಕ್ (ಗಾಳಿ ತಾಗದಂತೆ ಕಾಯಿಸಿದ ಕಲ್ಲಿದ್ದಲು, ಕುಲುಮೆಯ ಉರುವಲು) ಆಗುವ ಕಲ್ಲಿದ್ದಲು ಈ ಸೀಮೆಯಲ್ಲಿ ಇಲ್ಲ. ಬಂಗಾಳ, ಬಿಹಾರದ ಕಡೆಯಿಂದ ತರಿಸಿದರೆ ಸಾಗಣೆ ಖರ್ಚೇ ಕಬ್ಬಿಣದ ಬೆಲೆ ನುಂಗುತ್ತಿತ್ತು. ಇದ್ದಿಲಿಗೆ ಒಂದು ಗುಣವೂ ಇದೆ: ಅದರಲ್ಲಿ ಗಂಧಕ ಬಹಳ ಕಡಿಮೆ. ಗಂಧಕ ಸೇರಿದ ಕಬ್ಬಿಣ ಕಾದಾಗ ಬಡಿದರೆ ಸೀಳುತ್ತದೆ, ಆದ್ದರಿಂದ ಇದ್ದಿಲಿನ ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು. ಇದ್ದಿಲಿನ ದೋಷ ಅದರ ಮೆತುವು. ಕುಲುಮೆಯನ್ನು ತೀರಾ ಎತ್ತರ ಕಟ್ಟಿದರೆ ಮೇಲಿನ ಭಾರಕ್ಕೆ ತಳದ ಇದ್ದಿಲು ಪುಡಿಯಾಗಿ ಗಾಳಿ ಮೇಲೇರಲು ದಾರಿ ಕಟ್ಟಿಹೋಗುತ್ತದೆ. ಇದ್ದಿಲಿನ ಕುಲುಮೆಗಳು ಕೋಕ್ ಕುಲುಮೆಗಳಿಗಿಂತ ಚಿಕ್ಕವಾಗಿರುವುದು ಇದಕ್ಕೇ.

ಇದ್ದಿಲನ್ನು ಮಣ್ಣು ಮುಚ್ಚಿದ ಗೂಡಿನಲ್ಲಿ ಸುಟ್ಟರೆ ಹೊಗೆಯೆಲ್ಲ ಗಾಳಿ ಪಾಲು. ಭದ್ರಾವತಿಯಲ್ಲಿ ಹಾಗೆ ಬಿಡಲಿಲ್ಲ. ಸೌದೆಯನ್ನು ಒಣಗಿಸಿ, ಗಾಳಿಯಾಡದ ಕಬ್ಬಿಣದ ರಿಟಾರ್ಟ್‌ಗಳಲ್ಲಿ ಕಾಯಿಸಿ, ಬರುವ ಹೊಗೆಯನ್ನು ತಣ್ಣಗಾಗಿಸಿ ದ್ರವ ಮಾಡುತ್ತಿದ್ದರು. ಆ ದ್ರವಕ್ಕೆ ಸುಣ್ಣ ಸೇರಿಸಿದರೆ ಕ್ಯಾಲ್ಸಿಯಂ ಅಸಿಟೇಟ್, ಬಟ್ಟಿ ಇಳಿಸಿದರೆ ಮೆಥನಾಲ್, ಉಳಿದದ್ದು ಮರದ ಡಾಂಬರು. ಉಳಿದ ಅನಿಲ ಮತ್ತೆ ಉರುವಲಿಗೆ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ 1923ರಲ್ಲೇ ಜರ್ಮನಿಯಲ್ಲಿ ಮೆಥನಾಲನ್ನು ಅನಿಲಗಳಿಂದ ಕೃತಕವಾಗಿ ತಯಾರಿಸಲು ಶುರುವಾಯಿತು. ಮರದ ಮೆಥನಾಲಿಗೆ ಆಮೇಲೆ ಮೊದಲಿನ ಬೆಲೆ ಉಳಿಯಲಿಲ್ಲ.

ಹಾಗಾದರೆ ಇದ್ದಿಲು ಬಿಟ್ಟದ್ದು ಯಾವಾಗ, ಹೇಗೆ?

ಒಂದೇ ದಿನ ಬಿಡಲಿಲ್ಲ. ಕಾಡು ದೂರ ಸರಿದಂತೆ ಸೌದೆಯ ಸಾಗಣೆ ದುಬಾರಿಯಾಯಿತು. ಅಷ್ಟರಲ್ಲಿ ಜೋಗದ ವಿದ್ಯುತ್ ಬಂತು. ಅಲ್ಲಿನ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1950ರ ದಶಕದ ಆರಂಭದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳಲ್ಲಿ ಬೀಡು ಕಬ್ಬಿಣ ಕರಗಿಸತೊಡಗಿದರು. ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ: ಶಾಖ ಕೊಡುವುದು, ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳುವುದು. ವಿದ್ಯುತ್ ಕುಲುಮೆಯಲ್ಲಿ ಮೊದಲ ಕೆಲಸವನ್ನು ಕರೆಂಟು ವಹಿಸಿಕೊಳ್ಳುತ್ತದೆ, ಇದ್ದಿಲಿಗೆ ಎರಡನೆಯದು ಮಾತ್ರ. ಹಾಗಾಗಿ ಇದ್ದಿಲಿನ ಖರ್ಚು ಅರ್ಧಕ್ಕೂ ಕೆಳಗಿಳಿಯುತ್ತದೆ. ಬದಲಿಗೆ ಟನ್ನಿಗೆ ಸುಮಾರು 2,500 ಯೂನಿಟ್ ವಿದ್ಯುತ್ ಬೇಕು. ಶರಾವತಿಯ ನೀರು ಕಾಡಿನ ಹೊರೆ ಇಳಿಸಿತು ಎನ್ನಬಹುದು, ಆದರೆ ಮಳೆ ಕೈಕೊಟ್ಟ ವರ್ಷ ಕರೆಂಟಿಗೆ ಎಲ್ಲಿಗೆ ಹೋಗುವುದು ಎಂಬ ಹೊಸ ಚಿಂತೆಯನ್ನೂ ತಂದಿತು.

ಊದುಕುಲುಮೆಯನ್ನು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಬಹುದೇ?

ಆಗುವುದಿಲ್ಲ. ಗಾಳಿ ನಿಂತರೆ ತಳದಲ್ಲಿ ಕರಗಿದ ಕಬ್ಬಿಣ, ಕಿಟ್ಟ (ಅದಿರಿನ ಕಲ್ಮಶ ಕರಗಿ ಆದ ಮಡ್ಡಿ) ಎರಡೂ ಹೆಪ್ಪುಗಟ್ಟಿ ಒಂದೇ ಗಟ್ಟಿಯಾಗುತ್ತವೆ. ಆಮೇಲೆ ಅದನ್ನು ಒಡೆದು, ಕೊರೆದು, ಕೆಲವೊಮ್ಮೆ ಸಿಡಿಮದ್ದಿಟ್ಟು ತೆಗೆಯಬೇಕು. ಒಳಗಿನ ಬೆಂಕಿ ಇಟ್ಟಿಗೆಯೂ ಹೋಗುತ್ತದೆ. ಸ್ವಲ್ಪ ದಿನ ನಿಲ್ಲಿಸಲೇಬೇಕಾದರೆ ಅದಿರು ಕಡಿಮೆ ಮಾಡಿ ಇದ್ದಿಲು ಹೆಚ್ಚಿಗೆ ತುಂಬಿ, ಗಾಳಿಯ ಬಾಯಿಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ ಕೆಂಡವನ್ನು ಒಳಗೇ ಜೀವಂತ ಇಡುತ್ತಾರೆ. ಮೂರು ಪಾಳಿ, ರಾತ್ರಿಯೂ ಕೂಗುವ ಸೈರನ್ನು, ಹಬ್ಬಕ್ಕೂ ರಜೆ ಸಿಗದ ಕೆಲಸಗಾರರು, ಇವೆಲ್ಲದರ ಮೂಲ ಇದು.

ಕಾರ್ಖಾನೆಗಿಂತ ಮೊದಲು ಹಳ್ಳಿಗಳಲ್ಲಿ ಕಬ್ಬಿಣ ಹೇಗೆ ತೆಗೆಯುತ್ತಿದ್ದರು?

ಆಳೆತ್ತರಕ್ಕೂ ಕಡಿಮೆಯ ಮಣ್ಣಿನ ಒಲೆ, ಚರ್ಮದ ತಿದಿ, ಇದ್ದಿಲು, ಅದಿರು, ಇಷ್ಟೇ ಸಾಮಾನು. ತೊರೆಯ ಕಪ್ಪು ಮರಳನ್ನು ತೊಳೆದು ತೆಗೆದದ್ದೂ ಆಗುತ್ತಿತ್ತು, ಗುಡ್ಡದ ಅದಿರನ್ನು ಸುಟ್ಟು ಅಡಿಕೆ ಹೋಳಿನಷ್ಟು ಸಣ್ಣಗೆ ಕುಟ್ಟಿದ್ದೂ ಆಗುತ್ತಿತ್ತು. ಮೊದಲು ಒಲೆಯನ್ನು ಬರೀ ಇದ್ದಿಲಿನಿಂದ ಕಾಯಿಸಬೇಕು. ಆಮೇಲೆ ಒಂದು ಪದರ ಇದ್ದಿಲು, ಒಂದು ಪದರ ಅದಿರು. ಇದ್ದಿಲಿನ ತೂಕ ಅದಿರಿಗೆ ಸಮ ಅಥವಾ ಹೆಚ್ಚು. ತಿದಿ ಗಂಟೆಗಟ್ಟಲೆ ಎಡೆಬಿಡದೆ ಊದುತ್ತಿರಬೇಕು.

ಇಲ್ಲಿ ಕಬ್ಬಿಣ ಕರಗುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು, ಈ ಒಲೆಯ ಶಾಖ 1,200–1,300ರ ಸುತ್ತ. ಕರಗಿ ಹರಿಯುವುದು ಕಿಟ್ಟ ಮಾತ್ರ. ಕಬ್ಬಿಣ ಸ್ಪಂಜಿನಂಥ ಉಂಡೆಯಾಗಿ ತಳದಲ್ಲಿ ಉಳಿಯುತ್ತದೆ. ಒಲೆ ಒಡೆದು, ಕೆಂಪಗಿರುವಾಗಲೇ ಬಡಿದು ಬಡಿದು ಕಿಟ್ಟ ಹಿಂಡಬೇಕು. ಹತ್ತು ಕೆ.ಜಿ. ಅದಿರಿಗೆ ಎರಡೋ ಮೂರೋ ಕೆ.ಜಿ. ಕಬ್ಬಿಣ ಸಿಕ್ಕರೆ ಒಳ್ಳೆಯ ದಿನ.

ಕೆಡುವ ಬಗೆಗಳು ಹಲವು. ಇದ್ದಿಲು ತೇವವಿದ್ದರೆ ಶಾಖ ಏರುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಈ ಕಸುಬು ನಡೆಸುವುದು ಕಷ್ಟವಾಗಲು ಇದೊಂದೇ ಸಾಕು. ಗಾಳಿ ಸಾಲದಿದ್ದರೆ ಕಿಟ್ಟ ಅಂಟಾಗಿ, ತಿದಿಯ ಗಾಳಿ ಒಳಗೆ ಬಿಡುವ ಮಣ್ಣಿನ ಕೊಳವೆಯ ಬಾಯಿ ಮುಚ್ಚುತ್ತದೆ. ಇದ್ದಿಲು ಅತಿಯಾಗಿ, ಶಾಖವೂ ಏರಿದರೆ ಕಬ್ಬಿಣ ಇಂಗಾಲ ಕುಡಿದು ಬೀಡಾಗುತ್ತದೆ, ಸುತ್ತಿಗೆ ಏಟಿಗೆ ಪುಡಿಯಾಗುತ್ತದೆ. ಅದಿರಿನಲ್ಲಿ ರಂಜಕ ಹೆಚ್ಚಿದ್ದರೆ ಬಿಸಿಯಲ್ಲಿ ಚೆನ್ನಾಗಿ ಬಗ್ಗಿದ ಕತ್ತಿ ತಣ್ಣಗಾದ ಮೇಲೆ ಮುರಿಯುತ್ತದೆ.

ನಮ್ಮ ಜಮೀನಿನಲ್ಲಿ ಕಪ್ಪು, ಭಾರದ ಕಲ್ಲು ಸಿಗುತ್ತದೆ. ಅದು ಕಿಟ್ಟವೇ?

ಇರಬಹುದು. ಆದರೆ ಶಿವಮೊಗ್ಗ ಸೀಮೆಯಲ್ಲಿ ಜಂಬಿಟ್ಟಿಗೆಯನ್ನು (ಮುರಕಲ್ಲನ್ನು) ಕಿಟ್ಟವೆಂದು ತಿಳಿಯುವುದೇ ಹೆಚ್ಚು. ಜಂಬಿಟ್ಟಿಗೆಯಲ್ಲೂ ತೂತಿರುತ್ತದೆ, ಅದೂ ಕಂದು, ಕಪ್ಪು ಬಣ್ಣಕ್ಕಿರುತ್ತದೆ. ವ್ಯತ್ಯಾಸ ಒಡೆದಾಗ ಕಾಣುತ್ತದೆ. ಜಂಬಿಟ್ಟಿಗೆಯ ಒಳಗೆ ಹಳದಿ ಕೆಂಪು ಮಣ್ಣು ತುಂಬಿದ ಅಡ್ಡಾದಿಡ್ಡಿ ಬಿಲಗಳು. ಕಿಟ್ಟದಲ್ಲಿ ದುಂಡನೆಯ ಗಾಳಿಗುಳ್ಳೆಗಳು, ಮೇಲ್ಮೈಯಲ್ಲಿ ಬೆಲ್ಲದ ಪಾಕ ಹರಿದು ಹೆಪ್ಪುಗಟ್ಟಿದಂಥ ಮಡಿಕೆ, ಒಡೆದ ಕಡೆ ಕಪ್ಪು ಹೊಳಪು.

ಹಳ್ಳಿ ಒಲೆಯ ಕಿಟ್ಟ ಭಾರವಾಗಿರುತ್ತದೆ, ಏಕೆಂದರೆ ಅದರಲ್ಲಿ ಬಹಳಷ್ಟು ಕಬ್ಬಿಣ ಉಳಿದುಬಿಟ್ಟಿದೆ. ಊದುಕುಲುಮೆಯ ಕಿಟ್ಟ ಸುಣ್ಣ ಸೇರಿದ್ದು; ಅದಕ್ಕಿಂತ ಹಗುರ, ಗಾಜಿನಂತೆ, ಹಸಿರು ಅಥವಾ ಬೂದು ಛಾಯೆಯದು. ಅದಿರೋ ಎಂಬ ಅನುಮಾನವಿದ್ದರೆ ಟೈಲ್ಸಿನ ಹಿಂಬದಿಯ ಒರಟು ಮೈಗೆ ಉಜ್ಜಿ ನೋಡಿ: ಕೆಂಪು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದು ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಮ್ಯಾಗ್ನಟೈಟ್, ಹಳದಿ ಕಂದು ಬಂದರೆ ಲಿಮೊನೈಟ್. ಒಂದು ತುದಿ ಗಾಜಾಗಿರುವ ಮಣ್ಣಿನ ಕೊಳವೆಯ ತುಂಡು ಸಿಕ್ಕರೆ ಅಲ್ಲಿ ಒಲೆ ಇತ್ತೆಂದು ನಂಬಬಹುದು. ಆಗ ಅಗೆಯಬೇಡಿ. ಇದ್ದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಕಿತ್ತು ಮನೆಗೆ ತಂದ ಕಿಟ್ಟ ಬರೀ ಕಲ್ಲು. ಇದ್ದ ಜಾಗದಲ್ಲಿದ್ದರೆ ಮಾತ್ರ ಸಾಕ್ಷಿ.

ಬೇಲಿಗೆ ನೆಟ್ಟಿರುವ ಹಳಿಯ ತುಂಡು ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ?

ಹಳಿಯ ತಲೆಗೂ ಪಾದಕ್ಕೂ ನಡುವಿನ ತೆಳು ಭಾಗವನ್ನು ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಉಬ್ಬಿದ ಅಕ್ಷರಗಳು ಕಾಣಬೇಕು: ತಯಾರಿಸಿದ ಗಿರಣಿಯ ಹೆಸರು, ಇಸವಿ, ತೂಕದ ಅಂಕಿ. ತಿಂಗಳನ್ನು ಕೆಲವೊಮ್ಮೆ ಗೀಟುಗಳಲ್ಲಿ ಹಾಕಿರುತ್ತಾರೆ. ಅಕ್ಷರ ಆಳವಿಲ್ಲದಿದ್ದರೆ ಸೀಮೆಸುಣ್ಣ ಬಳಿದು, ಸಂಜೆ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ.

ಅಕ್ಷರ ಅಳಿಸಿದ್ದರೆ ತೂಕ ಹೇಳುತ್ತದೆ. ಹಳೆಯ ಹಳಿಗಳ ಅಳತೆ ಗಜಕ್ಕೆ ಇಷ್ಟು ಪೌಂಡು ಎಂದಿರುತ್ತಿತ್ತು. ಮೀಟರಿನ ಕೆ.ಜಿ. ತೂಕವನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆ ಅಂಕಿ ಬರುತ್ತದೆ. 30 ಸೆಂ.ಮೀ. ತುಂಡು 7.4 ಕೆ.ಜಿ. ತೂಗಿದರೆ 50 ಪೌಂಡಿನ ಹಳಿ, 8.9 ಕೆ.ಜಿ. ತೂಗಿದರೆ 60 ಪೌಂಡಿನದು. ಇವು ಮೀಟರ್ ಗೇಜ್ ಕಾಲದವು. ಮೀಟರಿಗೆ 10–15 ಕೆ.ಜಿ. ಮಾತ್ರ ಇದ್ದರೆ ಟ್ರಾಮ್ ಹಳಿ ಎಂದು ಊಹಿಸಬಹುದು. ಸವೆದ ಹಳಿ ಸ್ವಲ್ಪ ಕಡಿಮೆಯೇ ತೂಗುತ್ತದೆ. ಇಸವಿ ಹಳಿ ತಯಾರಾದ ವರ್ಷವನ್ನಷ್ಟೇ ಹೇಳುತ್ತದೆ, ನಿಮ್ಮೂರಿಗೆ ಬಂದ ವರ್ಷವನ್ನಲ್ಲ. ಮುಖ್ಯ ಮಾರ್ಗದಲ್ಲಿ ಸವೆದದ್ದನ್ನು ಕವಲು ದಾರಿಗೆ, ಅಲ್ಲಿಂದ ಸೈಡಿಂಗಿಗೆ, ಕೊನೆಗೆ ಗುಜರಿಗೆ ಹಾಕುವುದು ವಾಡಿಕೆ.

ಶಿವಮೊಗ್ಗದಿಂದ ಮುಂದಿನ ದಾರಿಯಲ್ಲಿ ಹಳೆಯದೇನು ಉಳಿದಿದೆ?

ಶಿವಮೊಗ್ಗದ ಆಚೆ ಕುಂಸಿ, ಅರಸಾಳು, ಆನಂದಪುರ, ಸಾಗರದ ಮೇಲೆ ದಾರಿ ಹಂತಹಂತವಾಗಿ ಬೆಳೆದು 1940ರಲ್ಲಿ ತಾಳಗುಪ್ಪ ಮುಟ್ಟಿತು. ಕುಂಸಿಯ ಸುತ್ತ ಮ್ಯಾಂಗನೀಸ್ ಗಣಿಗಳಿದ್ದವು, ತಾಳಗುಪ್ಪ ಜೋಗಕ್ಕೆ ಬಾಗಿಲು. ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಇಲ್ಲಿ ರೈಲು ಬಸ್ ಓಡುತ್ತಿತ್ತು. ಬೀರೂರು–ಶಿವಮೊಗ್ಗ ಭಾಗ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ತಾಳಗುಪ್ಪದವರೆಗೆ ಕೆಲಸ ಮುಗಿದದ್ದು 2011ರಲ್ಲಿ.

ಮೀಟರ್ ಗೇಜ್ ಎಂದರೆ 1,000 ಮಿ.ಮೀ., ಬ್ರಾಡ್ ಗೇಜ್ 1,676. ದಾರಿ ಅಗಲವಾದಾಗ ಸೇತುವೆ, ಪ್ಲಾಟ್‌ಫಾರ್ಮ್, ತಿರುವು ಎಲ್ಲ ಬದಲಾಗುತ್ತವೆ. ಹಳೆಯದನ್ನು ಹುಡುಕುವವರು ಈಗಿನ ಹಳಿಯ ಪಕ್ಕದಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಸೇತುವೆ ಕಂಬ, ಕಾಡು ಬೆಳೆದ ಏರಿ (ಹಳಿ ಹಾಸಲು ಹಾಕಿದ ಮಣ್ಣಿನ ದಿಬ್ಬ), ಹಂಚಿನ ಮಾಡಿನ ಸಣ್ಣ ಸ್ಟೇಷನ್ ಕಟ್ಟಡಗಳನ್ನು ಗಮನಿಸಬೇಕು. ಅರಸಾಳಿನ ಹಳೆಯ ಸ್ಟೇಷನ್ನು ದುರಸ್ತಿಯಾಗಿ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಲು ಚೆನ್ನಾಗಿದೆ. ಎಂಜಿನ್, ಒಂಟಿ ಹಳಿಯಲ್ಲಿ ಒಂದೇ ರೈಲು ಹೋಗುವಂತೆ ನೋಡುವ ಟೋಕನ್ ಯಂತ್ರ, ಸಿಗ್ನಲ್ಲಿನ ಕೈಮರಗಳನ್ನು ಹತ್ತಿರದಿಂದ ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂ ವಾಸಿ.

ಹಳೆಯ ಕಬ್ಬಿಣದ ವಸ್ತುವಿನ ತುಕ್ಕು ತೆಗೆಯುವುದು ಹೇಗೆ?

ಮೊದಲು ಬೀಡೋ ಉಕ್ಕೋ ನೋಡಿ. ಎರಕದ ಗೆರೆ, ಒರಟು ಹರಳಿನಂಥ ಬೂದು ಮುರಿತ ಇದ್ದರೆ ಬೀಡು. ಬೀಡನ್ನು ಸುತ್ತಿಗೆಯಿಂದ ಬಡಿದರೆ ಬಗ್ಗುವುದಿಲ್ಲ, ಒಡೆಯುತ್ತದೆ. ಬೀದಿಬದಿಯ ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲಿ ಬೆಸೆದರೆ ತಣ್ಣಗಾಗುವಾಗ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅದಕ್ಕೆ ನಿಕಲ್ ರಾಡು ಬೇಕು, ಮೊದಲೇ ಕಾಯಿಸಬೇಕು, ನಿಧಾನ ಆರಬೇಕು.

ಸಡಿಲ ತುಕ್ಕನ್ನು ಬ್ರಷ್‌ನಿಂದ ತೆಗೆದು, ಒಣಗಿಸಿ, ಟ್ಯಾನಿಕ್ ಆಮ್ಲದ ದ್ರಾವಣವನ್ನು ತೆಳ್ಳಗೆ ಎರಡು ಮೂರು ಸಲ ಬಳಿಯಿರಿ, ಪ್ರತಿ ಸಲ ಒಣಗಲು ಒಂದು ದಿನ ಬಿಡಿ. ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಅಡಿಕೆ ಬೇಯಿಸುವ ಮನೆಯವರಿಗೆ ಇದು ಹೊಸದಲ್ಲ: ಚೊಗರು (ಅಡಿಕೆ ಬೇಯಿಸಿದ ನೀರು) ತಾಗಿದ ಕತ್ತಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಹಾಗೆಂದು ಬೆಲೆಯುಳ್ಳ ವಸ್ತುವಿಗೆ ಚೊಗರನ್ನೇ ಬಳಿಯಬೇಡಿ, ಅದರಲ್ಲಿನ ಇತರ ಅಂಶಗಳು ಅಂಟಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಕೊನೆಗೆ ಮೇಣ ಬಳಿದರೆ ಒಂದು ಮಳೆಗಾಲಕ್ಕೆ ಚಿಂತೆಯಿಲ್ಲ. ಹಳೆಯ ಕೆಂಪು ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಸ್ಯಾಂಡ್ ಪೇಪರ್ ಹಾಕಬೇಡಿ, ಧೂಳು ಮಕ್ಕಳಿಗೆ ವಿಷ. ಉಬ್ಬಕ್ಷರ ಇರುವ ಕಡೆ ಗ್ರೈಂಡರ್ ಮುಟ್ಟಿಸಲೇಬೇಡಿ.

ನೋಡಲು ಬರುವವರು ಏನು ತಿಳಿದಿರಬೇಕು?

ಕಾರ್ಖಾನೆಯೊಳಗೆ ಮುಂಚಿತ ಅನುಮತಿ ಇಲ್ಲದೆ ಬಿಡುವುದಿಲ್ಲ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. ಬಿದ್ದಿರುವ ಮೊಳೆ, ಬೋಲ್ಟು, ಹಳಿ ತುಂಡು ಎತ್ತಿಕೊಂಡರೂ ಕೇಸು ಬೀಳುತ್ತದೆ. ಲಕ್ಕವಳ್ಳಿಯ ಸುತ್ತಿನ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಟ್ರಾಮ್ ಏರಿ ಹುಡುಕಿಕೊಂಡು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ: ಹುಲ್ಲು ಒಣಗಿ ಏರಿಯ ಆಕಾರ ಕಾಣುತ್ತದೆ, ಉಂಬಳದ ಕಾಟವಿಲ್ಲ. ಕೆಮ್ಮಣ್ಣುಗುಂಡಿಗೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಮಂಜು ಮುಚ್ಚಿದರೆ ಗಣಿಯ ಕೆಂಪು ಗಾಯ ಕಾಣುವುದಿಲ್ಲ.

ನಿವೃತ್ತ ಕೆಲಸಗಾರರ ಮಾತು ದಾಖಲಿಸಬೇಕು. ಏನು ಕೇಳಬೇಕು?

“ಆಗ ಹೇಗಿತ್ತು” ಎಂದು ಕೇಳಿದರೆ “ಚೆನ್ನಾಗಿತ್ತು” ಎಂಬ ಉತ್ತರ ಬರುತ್ತದೆ. ಕೆಲಸದ ಬಗ್ಗೆ ಕೇಳಿ. ಯಾವ ವಿಭಾಗ, ಯಾವ ಪಾಳಿ, ಕೈಯಲ್ಲಿ ಯಾವ ಸಾಮಾನು, ಅದರ ಹೆಸರು ನಿಮ್ಮಲ್ಲಿ ಏನು? ಕಬ್ಬಿಣ ಬಿಡುವ ಹೊತ್ತಾಯಿತೆಂದು ಹೇಗೆ ತಿಳಿಯುತ್ತಿದ್ದಿರಿ? ಕಿಟ್ಟದ ಬಣ್ಣ ನೋಡಿ ಏನು ಹೇಳುತ್ತಿದ್ದಿರಿ? ತಮಿಳು, ತೆಲುಗು, ಉರ್ದು, ಕನ್ನಡ ಬೆರೆತ ಕಾರ್ಖಾನೆಯ ಪದಗಳನ್ನು ತಿದ್ದದೆ ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿ. ಹಳೆಯ ಪಾಸು, ಪಾಳಿ ಚೀಟಿ, ಗುಂಪಿನ ಫೋಟೋ ಇದ್ದರೆ ಅಲ್ಲೇ ಮೊಬೈಲಿನಲ್ಲಿ ಪ್ರತಿ ತೆಗೆದು ಮೂಲವನ್ನು ಅವರಿಗೇ ಬಿಡಿ. ಫೋಟೋದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಆಗಲೇ ಕೇಳಿ ಬರೆದುಕೊಳ್ಳಿ; ಮುಂದಿನ ಸಲ ಹೋದಾಗ ಕೇಳೋಣ ಎಂದು ಬಿಟ್ಟ ಹೆಸರುಗಳೇ ಹೆಚ್ಚಾಗಿ ಕಳೆದುಹೋಗುತ್ತವೆ.